ಆಯಾಗೂ ಬಾಣಂತನ

ಮಧುಗಿರಿ, 1946

ಬರಗೂರಲ್ಲಿರೋ ನಮ್ಮವ್ವನಿಗೆ ಕರಿಯಕ್ಕನ ಶರಣು.

ನಮ್ಮ ಸಂಘ ಗೆದ್ದೈತೆ ಕಣವ್ವಾ! ಆಸ್ಪತ್ರೇಲಿ ನರ್ಸಮ್ಮಂದಿರಿಗಿದ್ದ ಬಾಣಂತನದ ರಜ ಇನ್ಮೇಲೆ ಆಯಾಗಳಿಗೂ ಸಿಗ್ತೈತೆ, ಸಂಬಳ ಸಮೇತ. ಊರೋರ ಕೂಸಿಗೆಲ್ಲ ನೀರು ಹಾಕೋ ನಾವು, ಹಸಿ ಬಾಣಂತೀರಾಗಿ ಕೆಲಸಕ್ಕೆ ಓಡಿ ಬರ್ತಿದ್ದ ಕಾಲ ಮುಗೀತು.

ರುಜು ಹಾಕ್ತಾ ದೊಡ್ಡ ಡಾಕ್ಟ್ರು, "ಈಗ ಯಾರಿಗಮ್ಮ ಇದರ ಅವಸರ?" ಅಂದ್ರು. ಎಲ್ಲರೂ ನನ್ನ ಕಡೆ ತಿರುಗಿದ್ರು. ನಾನು ಸೆರಗು ಹೊದ್ದು ಎದ್ದು ನಿಂತೆ.

ಇದನ್ನ ಬರ್ಕೊಡ್ತಿರೋ ಸಂಘದ ಮುದ್ದಣ್ಣ ನಗ್ತಾವ್ನೆ. ಬುಡಿಸಿ ಹೇಳೋಕೆ ನಂಗೆ ನಾಚಿಕೆ. ನೀನು ಹುರಿಮಂಚ ಬಿಗಿ ಮಾಡ್ಸು, ಬೆಳ್ಳುಳ್ಳಿ ಕೂಡಿಡು. ಹೋದ ಸಲ ನೀನು ಕಾಸಿದ ಮೆಣಸಿನ ಸಾರು ಒಲೆ ಮೇಲೇ ಬುಟ್ಟು ಬಂದಿದ್ದೆ. ಈ ಸಲ ನೀನೇ "ಸಾಕು ಹೋಗೇ" ಅನ್ನೋಗಂಟ ಕಾಲು ಚಾಚ್ಕಂಡು ಉಣ್ತೀನಿ.

ನಿನ್ನ ಮಗಳು,
ಕರಿಯಕ್ಕ