ಟ್ಯಾಂಕರಿನ ಮೇಲಿನ ನೀರೆಮ್ಮೆ

ಅಕ್ಕಾ,

ಕೂತಲ್ಲಿ ಕೂರಲಾರದ ನಿನ್ನ ತಮ್ಮ ಇವತ್ತು ಕೂತು ಬರೆಯುತ್ತಿದ್ದಾನೆ ಅಂದರೆ ನಂಬುತ್ತೀಯಾ? ಇಷ್ಟು ಬರೆಯುವಷ್ಟರಲ್ಲೇ ಎರಡು ಸಲ ಎದ್ದು ಹೋಗಿ ಲಾರಿ ನೋಡಿಬಂದೆ. ನಿನ್ನ ನೀರೆಮ್ಮೆಯ ಸುದ್ದಿಯನ್ನು ನಿನಗಲ್ಲದೆ ಬೇರೆ ಯಾರಿಗೆ ಹೇಳಲಿ?

ಹಲವಾಗಲು ಊರಿನ ಗಂಡನ ಮನೆಯಿಂದ ಔಷಧಿ ಚೀಲ ಹಿಡಿದು ನೀನು ಹರಪನಹಳ್ಳಿಯ ನಮ್ಮ ಮನೆಗೆ ಬಂದ ಬೇಸಿಗೆ ನೆನಪಾಗುತ್ತದೆ. ನೀನು ಮಂಚದ ಮೇಲೆ ಮಲಗಿ ಮೊಬೈಲಿನಲ್ಲಿ ಯಾವಾಗಲೂ ಒಂದೇ ಬಗೆಯ ಚಿತ್ರಗಳನ್ನು ನೋಡುತ್ತಿದ್ದೆ. ಯಾರೋ ಕಲ್ಪಿಸಿ ಬರೆದ, ಗುಡ್ಡದಷ್ಟು ದೊಡ್ಡ ನೀರಿನ ಪ್ರಾಣಿಗಳು. ಯಾರ ತಂಟೆಗೂ ಹೋಗದೆ ತೇಲುವಂಥವು. "ಇವನ್ನ ನೋಡಿದ್ರ ಎದಿ ತಣ್ಣಗಾಗತೈತಿ" ಎನ್ನುತ್ತಿದ್ದೆ. ನಾನು ನಕ್ಕು, "ಇಂಥಾ ಪ್ರಾಣಿ ಎಲ್ಲೈತಿ?" ಅಂದೆ. "ಎಲ್ಲೂ ಇಲ್ಲ, ಅದಕ್ಕ ಚಂದಲೇ. ಇದ್ದಿದ್ರ ಹಿಡಿದು ಮಾರ್ತಿದ್ರು" ಅಂದೆ ನೀನು.

ಒಂದು ಮಧ್ಯಾಹ್ನ ಓಣಿಯಲ್ಲಿ ನೀರು ಹಂಚಿ, ಕೊಡಗಳ ಸಾಲಿನ ಜಗಳದಲ್ಲಿ ನಾನೂ ಕಿರುಚಿ, ಗಂಟಲು ಕಟ್ಟಿಕೊಂಡು ಬಂದಿದ್ದೆ. ನೀನು ಎದ್ದು ಬಾಗಿಲಿಗೆ ಬಳಿದು ಉಳಿದ ನೀಲಿ ಬಣ್ಣ ಕೇಳಿದೆ. ದಿನಕ್ಕಿಷ್ಟು ಅಂತ, ಏದುಸಿರು ಬಿಡುತ್ತಲೇ ನನ್ನ ನೀರಿನ ಲಾರಿಯ ಟ್ಯಾಂಕಿನ ಮೈತುಂಬ ಬರೆದೆ. ಎಮ್ಮೆಯ ಮುಖ, ಮೀನಿನ ಬಾಲ, ಬೆನ್ನ ಮೇಲೊಂದು ಬೇವಿನ ಮರ, ಅದರ ನೆರಳಲ್ಲಿ ಕುರಿಗಳು. ಕಣ್ಣು ಬರೆಯುವಾಗ ಮಾತ್ರ ನನ್ನನ್ನು ಸೀಟಿನಲ್ಲಿ ಕೂರಿಸಿ, ಬಲಗಡೆಯ ಕನ್ನಡಿಯಲ್ಲಿ ಎಲ್ಲಿ ಕಾಣುತ್ತದೆ ಅಂತ ಕೇಳಿ ಕೇಳಿ ಬರೆದೆ.

"ಸಿಟ್ಟು ಬಂದಾಗ ಕನ್ನಡ್ಯಾಗ ಇದರ ಮಾರಿ ನೋಡು. ಆಮ್ಯಾಲ ಬಾಯಿ ತಗಿ."

ನೋಡುತ್ತಿದ್ದೆ ಅಕ್ಕಾ. ಆ ಕಣ್ಣಿಗೆ ಯಾವ ಅವಸರವೂ ಇರಲಿಲ್ಲ. ನೀನು ತೀರಿಕೊಂಡ ಮೇಲೆ ನಾನು ನಿಂತದ್ದೇ ಅದರ ಮೇಲೆ.

ನೀನಿಲ್ಲದ ಮೊದಲ ಆಯುಧ ಪೂಜೆಗೆ ಎಲ್ಲರಂತೆ ಅದರ ಹಣೆಗೂ ಕುಂಕುಮ ಇಟ್ಟೆ. ಅಷ್ಟೇ ಸಾಕಾಯಿತು. ನೀರಿಗೆ ಬಂದ ಹೆಂಗಸರು ಗಂಗಮ್ಮ ಅಂದರು. ಒಬ್ಬಳು ಮಗನ ನೌಕರಿ ಬೇಡಿದಳು, ಇನ್ನೊಬ್ಬಳು ಮಗಳ ಬಾಣಂತನ ಒಪ್ಪಿಸಿದಳು. ಹಳೆಯದನ್ನು ತೊಳೆದು ಹೊಸ ಅರಿಶಿನ ಕುಂಕುಮ ಹಚ್ಚುವಾಗೆಲ್ಲ ಬೆರಳು ತಾಗಿ ತಾಗಿ ಕಣ್ಣು ಸವೆಯಿತು. "ಅದು ದೇವ್ರಲ್ರಿ, ಸುಮ್ನ ಒಂದು ಪ್ರಾಣಿ" ಅಂದರೆ ಓಣಿಯ ನಾಗಮ್ಮಜ್ಜಿ ನನಗೇ ಗದರಿದಳು: "ಬಾಯಿ ತೊಳಕೋ. ನೀರು ತರಾಕಿ ದೇವ್ರಲ್ಲದ ಮತ್ತೇನು?" ನೀನಿದ್ದಿದ್ದರೆ ಏನು ಹೇಳುತ್ತಿದ್ದೆಯೋ...

ಈ ಬೇಸಿಗೆಗೆ ಕನ್ನಡಿಯಲ್ಲಿ ಕಣ್ಣಿದ್ದ ಜಾಗದಲ್ಲಿ ಉಳಿದದ್ದು ಬರೀ ಕೆಂಪು ಕಲೆ. ಅನ್ನ ರುಚಿಸಲಿಲ್ಲ, ಓಣಿಯಲ್ಲಿ ಮತ್ತೆ ನನ್ನ ಕೂಗಾಟ. ಬೋರ್ಡು ಬರೆಯುವವನನ್ನು ಕರೆಸಿದೆ. "ದೊಡ್ಡ ದೇವಿ ಕಣ್ಣು ಬರೀತೀನಿ, ಕಾಡಿಗಿ ತೀಡಿದಂಗ" ಅಂದ. ಚಹಾ ಕುಡಿಸಿ ಕಳಿಸಿಬಿಟ್ಟೆ. ನಿನ್ನ ಎಮ್ಮೆಗೆ ಕಾಡಿಗೆಯೇ?

ನಿನ್ನೆ ನಾನೇ ಬ್ರಷ್ಷು ಹಿಡಿದು ನಿಂತೆ. ನೀನು ಬರೆದಂಥ ಕಣ್ಣು ನನಗೆಲ್ಲಿ ಬರಬೇಕು? ಆಗ ನೆನಪಾಯಿತು. ಕೊನೆಕೊನೆಗೆ ನೀನು ಮೊಬೈಲನ್ನು ಎದೆಯ ಮೇಲಿಟ್ಟುಕೊಂಡೇ ನಿದ್ದೆ ಹೋಗುತ್ತಿದ್ದೆ. ನೋವೆಲ್ಲ ಇಳಿದ ಆ ಮುಖ... ಒಂದೇ ಒಂದು ಬಾಗಿದ ಗೆರೆ ಎಳೆದೆ. ಮುಚ್ಚಿದ ರೆಪ್ಪೆ. ಅಷ್ಟು ನನ್ನ ಕೈಗೂ ಬಂತು. ಇನ್ನು ಬಣ್ಣ ಉದುರಿದಾಗೆಲ್ಲ ಆ ಗೆರೆ ಎಳೆಯುವ ಕೆಲಸ ನನ್ನದೇ.

ಇವತ್ತು ಬೆಳಿಗ್ಗೆ ನಾಗಮ್ಮಜ್ಜಿ ಕುಂಕುಮದ ಬಟ್ಟಲು ಹಿಡಿದು ಬಂದಳು. ನೋಡಿದಳು. ಮುಂದೆ ಚಾಚಿದ್ದ ಕೈಯನ್ನು ಹಿಂದಕ್ಕೆ ತೆಗೆದುಕೊಂಡು ಕೊಡಗಳ ಸಾಲಿನತ್ತ ತಿರುಗಿದಳು.

"ಹುಶ್! ಮಲ್ಕೊಂಡೈತಿ. ಗದ್ಲ ಮಾಡಬ್ಯಾಡ್ರವಾ."

ಕೊಡಗಳು ಸಪ್ಪಳವಿಲ್ಲದೆ ನೆಲಕ್ಕಿಳಿದವು. ನಾನು ಕನ್ನಡಿ ನೋಡಿಕೊಂಡು ಕೆಳಗಿಳಿದೆ, ಪೈಪು ಬಿಚ್ಚಿದೆ. "ಒಬ್ಬೊಬ್ರ ಬರ್ರಿ" ಅಂದೆ ಅಕ್ಕಾ, ಪಕ್ಕದವರಿಗಷ್ಟೇ ಕೇಳುವಷ್ಟು ಮೆಲ್ಲಗೆ.