ದನಿ ನಿಂತಿದೆ ಎಂದವರು

೮ ನವೆಂಬರ್

ಪ್ರೀತಿಯ ಅಕ್ಕ,

ಒಂದು ವಿಷಯವನ್ನು ಬಿಟ್ಟೇ ಈ ಕಾಗದ ಮುಗಿಸಬೇಕೆಂದಿದ್ದೆ. ಕೊನೆಯವರೆಗೂ ಧೈರ್ಯ ಉಳಿದರೆ ಬರೆಯುತ್ತೇನೆ. ಉತ್ತರ ತಡವಾಯಿತು, ಎರಡು ಮಾತು ಬೈದುಕೋ. ಹೊಸ ಮನೆ ನಿನಗೂ ಭಾವನಿಗೂ ಒಗ್ಗಿರಬೇಕು.

ನನ್ನ ಸಂಶೋಧನೆ ನಿನಗೆ ಗೊತ್ತಲ್ಲ. ಬೇರೆ ಯಾರಿಗೂ ಕೇಳದ ದನಿಗಳು ಕೇಳಿಸುವವರಲ್ಲಿ ಅರ್ಧ ಜನಕ್ಕೆ ಮಾತ್ರೆಯ ಜೊತೆ ಮಾತಿನ ಚಿಕಿತ್ಸೆ, ಉಳಿದವರಿಗೆ ಬರೀ ಮಾತ್ರೆ. ಯಾರು ಯಾವ ಗುಂಪೆಂದು ತಿಳಿಯದೆ ಎಲ್ಲರಿಗೂ ಒಂದೇ ಪ್ರಶ್ನೆ ಕೇಳಿ ಅಂಕ ಹಾಕುವವಳು ನಾನು. ತಿಳಿದರೆ ಪಕ್ಷಪಾತವಾದೀತು. ಚಿಕಿತ್ಸೆ ಕೊಡುವ ಗೆಳತಿಯ ಕೋಣೆ ಗೋಡೆಯಾಚೆಗೇ ಇದೆ. ಅವಳು ನಕ್ಕರೆ ನನಗೆ ಕೇಳಿಸುತ್ತದೆ. ಆದರೆ ರೋಗಿಗಳ ಬಗ್ಗೆ ನಾವಿಬ್ಬರೂ ತುಟಿ ಬಿಚ್ಚುವಂತಿಲ್ಲ.

ಮೊನ್ನೆ ಒಬ್ಬ ಟೈಲರ್ ಬಂದಿದ್ದರು. ಈ ವಾರ ದನಿ ಕೇಳಿಸಿತೇ ಎಂದೆ.

"ದಿನಾ ಕೇಳುತ್ತೆ," ಎಂದವರು ಗೋಡೆಯತ್ತ ನೋಡಿ ಪಿಸುಗುಟ್ಟಿದರು. "ಪಕ್ಕದ ಮೇಡಂಗೆ ಹೇಳ್ಬೇಡಿ. ನಿಂತೋಯ್ತು ಅಂದಿದೀನಿ. ಪಾಪ, ಅಷ್ಟು ಕಷ್ಟಪಡ್ತಾರೆ. ಹಾಗಂದ ತಕ್ಷಣ ಅವರ ಮುಖ ಹೇಗೆ ಅರಳ್ತು ಗೊತ್ತಾ? ನಿಮ್ಮ ಹತ್ರ ಆ ತಾಪತ್ರಯ ಇಲ್ಲ ಬಿಡಿ. ನಿಮ್ಮದು ಕಲ್ಲಿನ ಮುಖ."

ನಕ್ಕುಬಿಟ್ಟೆ. ಪಕ್ಕದ ಮೇಡಂ ಎಂದ ಮೇಲೆ ಅವರ ಗುಂಪು ತಿಳಿದುಹೋಯಿತೆಂದು ಸಂಶೋಧನೆಯ ಮುಖ್ಯಸ್ಥರಿಗೆ ವರದಿ ಮಾಡಿದೆ. ಇನ್ನು ಅವರನ್ನು ಬೇರೆಯವರು ನೋಡುತ್ತಾರೆ. ಗೆಳತಿಗೆ ಹೇಳಲೇ ಎಂದರೆ, "ಪ್ರಾಣಕ್ಕೆ ಅಪಾಯ ಇದ್ರೆ ಮಾತ್ರ" ಎಂದರು. ಅಂಥದ್ದೇನೂ ಇಲ್ಲವೆಂದು ಟೈಲರ್ ಅವರನ್ನು ನಾನೇ ಕೇಳಿ ತಿಳಿದುಕೊಂಡಿದ್ದೆ. ಮಧ್ಯಾಹ್ನ ಊಟಕ್ಕೆ ಎದುರು ಕೂತ ಗೆಳತಿ, "ಈ ವಾರ ತುಂಬಾ ಖುಷಿಯಾಗಿದೀನಿ ಕಣೇ, ಯಾಕೆ ಅಂತ ಮಾತ್ರ ಕೇಳ್ಬೇಡ" ಎಂದಳು. ಕೇಳಲಿಲ್ಲ. ನನ್ನ ಪಾಲಿನ ಹಪ್ಪಳವನ್ನು ಅವಳ ತಟ್ಟೆಗೆ ಹಾಕಿದೆ.

ಭಾವನಿಗೆ ನಮಸ್ಕಾರ ಹೇಳು. ಪುಟ್ಟಿಗೆ ಚಿಕ್ಕಮ್ಮನ ಆಶೀರ್ವಾದ.

ನಿನ್ನ ತಂಗಿ

ತಾ.ಕ.: ಬೇಸಿಗೆಯಲ್ಲಿ ನೀನು "ಈಗ ಯಾವ ದನೀನೂ ಕೇಳಿಸ್ತಿಲ್ಲ ಕಣೇ" ಎಂದಾಗ ನಿನ್ನನ್ನು ತಬ್ಬಿಕೊಂಡು ಅತ್ತಿದ್ದೆ. ನಿನ್ನೆದುರು ನನ್ನದು ಕಲ್ಲಿನ ಮುಖವಾಗಿರಲಿಲ್ಲ. ಅಕ್ಕ, ಅದು ನಿಜವಾಗಿತ್ತೇ, ಇಲ್ಲ ನನಗೋಸ್ಕರ ಹೇಳಿದೆಯಾ? ಆ ಮಾತು ನಂಬಿಯೇ ಡಾಕ್ಟರು ಇಪ್ಪತ್ತನೇ ತಾರೀಖು ನಿನ್ನ ಮಾತ್ರೆ ಕಡಿಮೆ ಮಾಡಲಿದ್ದಾರೆ. ಫೋನಿನಲ್ಲಿ ಕೇಳಿದರೆ ನಕ್ಕು ಜಾರಿಕೊಳ್ಳುತ್ತೀಯ. ಎದುರಿಗೆ ಬಂದರೆ ಮತ್ತೆ ನನ್ನ ಮುಖವನ್ನೇ ನೋಡುತ್ತೀಯ. ಇನ್ನೂ ಕೇಳಿಸುತ್ತಿದ್ದರೆ ಡಾಕ್ಟರಿಗೆ ಹೌದು ಅನ್ನು. ನನಗೆ ಹೇಳದಿದ್ದರೂ ಪರವಾಗಿಲ್ಲ. ನಾಳೆ, ಒಂಬತ್ತನೇ ತಾರೀಖು, ಇದನ್ನು ಪೋಸ್ಟ್ ಮಾಡುತ್ತೇನೆ.