ಹೊಟ್ಟೆ ಸೀಳಿದ ಭ

ಆಫೀಸಿನ ಮೇಜಿನಿಂದ,
ಮಾರ್ಚ್ ೧೧, ಮಂಗಳವಾರ ಮಧ್ಯಾಹ್ನ

ಪ್ರೀತಿಯ ಅಣ್ಣನಿಗೆ,

‘ಪ್ರೀತಿಯ’ ಎಂದು ಬರೆದದ್ದು ರೂಢಿಗೆ. ಆರು ವರ್ಷ ಒಂದು ಫೋನೂ ಮಾಡದವನಿಗೆ ಬೇರೆ ಏನು ಬರೆಯುತ್ತಾರೋ ನನಗೆ ತಿಳಿಯದು. ಹೇಗಿದ್ದೀಯ? ಬೆನ್ನುನೋವು ಹೋಯಿತೇ? ಈಗಲೂ ಊಟ ಬಿಟ್ಟು ಟೀ ಕುಡಿದುಕೊಂಡೇ ದಿನ ತಳ್ಳುತ್ತೀಯೋ? ಇಲ್ಲಿ ಅಮ್ಮ ಚೆನ್ನಾಗಿದ್ದಾಳೆ, ಮಂಡಿನೋವು ಒಂದು ಬಿಟ್ಟರೆ. ಅಪ್ಪನಿಗೆ ಸಕ್ಕರೆ ಸ್ವಲ್ಪ ಜಾಸ್ತಿ, ಮಾತು ಸ್ವಲ್ಪ ಕಡಿಮೆ. ನಾನು ಇದ್ದ ಹಾಗೇ ಇದ್ದೇನೆ, ನಾಲಿಗೆ ಸಮೇತ. ನಿನ್ನ ವಿಳಾಸ ನಮ್ಮಲ್ಲಿ ಯಾರ ಹತ್ತಿರವೂ ಇಲ್ಲ. ಹಾಗಿದ್ದ ಮೇಲೆ ಪತ್ರ ಹೇಗೆ ತಲುಪುತ್ತದೆ ಎನ್ನುವುದು ನನ್ನ ತಲೆನೋವು, ಕೊನೆಗೆ ಹೇಳುತ್ತೇನೆ. ಕಾಗದದ ಮೇಲೆ ಬರೆಯುತ್ತಿರುವುದು ಯಾಕೆಂದರೆ, ಫೋನಿನಲ್ಲಿ ಬರೆದರೆ ಅಳಿಸುತ್ತಲೇ ಕೂರುತ್ತೇನೆ.

ವಿಷಯ ಇಷ್ಟು. ಡ್ರಾಯಿಂಗ್ ಟೀಚರ್ ಮನೆ ಮಾರಾಟಕ್ಕೆ ಬಂದಿದೆ, ಅದೂ ನಮ್ಮ ಬ್ರೋಕರ್ ಆಫೀಸಿನ ಕೈಗೇ. ನೀನು ಮರೆತಿರಲಾರೆ, ಆದರೂ ಬರೆಯುತ್ತೇನೆ. ಮಲಗುವ ಕೋಣೆಯ ಹಿಂದಿನ ಗೋಡೆಗೆ ಪಕ್ಕದ ಮನೆಯ ನೀರಿನ ತೊಟ್ಟಿ ಒತ್ತಿಕೊಂಡಿದೆ, ವರ್ಷವಿಡೀ ಹಸಿ. ನೀನು ಅದಕ್ಕೆ ಪುಟ್ಟಿ ಬಳಿಸಿ, ಬಣ್ಣ ಹೊಡೆಸಿ, ಬೀರು ಅಡ್ಡ ನಿಲ್ಲಿಸಿ ಅವರಿಗೆ ಮನೆ ತೋರಿಸಿದೆ. ಅವರು ನಂಬಿ ಕೊಂಡರು. ನಲವತ್ತು ವರ್ಷ ಬರೆದ ಚಿತ್ರಗಳನ್ನೆಲ್ಲ ಸುರುಳಿ ಸುತ್ತಿ ಅದೇ ಗೋಡೆಗೆ ಒರಗಿಸಿಟ್ಟರು. ಮೂರು ತಿಂಗಳಿಗೆ ಎಲ್ಲಕ್ಕೂ ಬೂಷ್ಟು ಹಿಡಿಯಿತು. ಆವತ್ತು ಅವರು ಬಂದು ಒಂದು ಸುರುಳಿಯನ್ನು ಈ ಮೇಜಿನ ಮೇಲೆ ಬಿಚ್ಚಿಟ್ಟರಲ್ಲ, ಆ ವಾಸನೆ ನನಗೆ ಈಗಲೂ ನೆನಪಿದೆ. ಅಪ್ಪ ನಿನ್ನನ್ನು ಕೇಳಿದ್ದು ಒಂದೇ ಮಾತು, “ನಿಂಗೆ ಗೊತ್ತಿತ್ತಾ?” ನೀನು “ಎಲ್ರೂ ಮಾಡೋದೇ ಅಲ್ವಾ” ಅಂದೆ. “ಹೋಗಿ ತಪ್ಪಾಯ್ತು ಅಂತ ಹೇಳಿ ಬಾ” ಅಂದರು. ನೀನು ಅಲ್ಲಿಗೂ ಹೋಗಲಿಲ್ಲ, ಇಲ್ಲಿಗೂ ಬರಲಿಲ್ಲ. ಆಫೀಸಿನ ಬೀಗದ ಕೈ ಮೇಜಿನ ಮೇಲಿಟ್ಟು ಹೊರಟುಹೋದೆ. ಅಪ್ಪ ತಾವೇ ಹೋಗಿ ಕ್ಷಮೆ ಕೇಳಿ ಬಂದರು. ಬಂದು, “ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬರಲ್ಲ” ಎಂದಷ್ಟೇ ಹೇಳಿ ಮಲಗಿದರು. ನನಗೆ ಆಗ ನಿನ್ನ ಮೇಲೆ ತುಂಬ ಕೋಪ ಬಂದಿತ್ತು. ಈಗಲೂ ಇದೆ, ಹಳೆಯದಾಗಿದೆ ಅಷ್ಟೇ.

ಈಗ ಟೀಚರ್ ತಮ್ಮ ತಂಗಿಯ ಮನೆಗೆ ಹೋಗಿ ಇರುತ್ತಾರಂತೆ. ಊರಿನಲ್ಲಿ ಇಷ್ಟೊಂದು ಬ್ರೋಕರುಗಳಿರುವಾಗ ನಮ್ಮ ಹತ್ತಿರವೇ ಯಾಕೆ ಬಂದರು ಎಂದು ಹೇಳಬೇಕಾದರೆ, ನೀನು ಹೋದ ಮೇಲಿನ ಕಥೆ ಹೇಳಬೇಕು.

ನೀನು ಹೋದ ಮೇಲೆ ಒಂದು ವರ್ಷ ನಾನೂ ಅಪ್ಪನೂ ಇಲ್ಲಿ ನೊಣ ಹೊಡೆಯುತ್ತಾ ಕೂತಿದ್ದೆವು. ಮನೆ ಹುಡುಕುವವರು ಬೋರ್ಡು ನೋಡಿಕೊಂಡು ಬೀದಿ ಅಲೆಯುವ ಕಾಲ ಮುಗಿದಿತ್ತು, ಎಲ್ಲರೂ ಫೋನಿನಲ್ಲೇ ಹುಡುಕುತ್ತಿದ್ದರು. ಸರಿ, ನಾನೂ ಒಂದು ಪೇಜು ಶುರು ಮಾಡಿದೆ. ಅಪಾರ್ಟ್‌ಮೆಂಟುಗಳ ಹನ್ನೊಂದು ವಾಟ್ಸಾಪ್ ಗುಂಪು ಸೇರಿದೆ, ನಾಲ್ಕರಿಂದ ಹೊರಗೆ ಹಾಕಿಸಿಕೊಂಡೆ. ಹಿಂದೆ ಸಂಗೀತ, ಪರದೆ ಹಾರುವ ಕಿಟಕಿ, ‘ನಿಮ್ಮ ಕನಸಿನ ಗೂಡು’ ಎಂಬ ಸಾಲು, ಹೀಗೆ ವಿಡಿಯೋ ಮೇಲೆ ವಿಡಿಯೋ. ಫೋನು ಹಿಡಿಯುವವಳು ಅಮ್ಮ. ಪ್ರತಿ ವಿಡಿಯೋದ ಮೂಲೆಯಲ್ಲೂ ಅವಳ ಹೆಬ್ಬೆರಳು ಇರುತ್ತದೆ. ಗಿಣಿಗೆ ಹೇಳಿದ ಹಾಗೆ ಹೇಳಿದೆ, ಬೆರಳು ಸರಿಯಲಿಲ್ಲ. ಈಗ ಆ ಹೆಬ್ಬೆರಳಿಗೇ ಅಭಿಮಾನಿಗಳಿದ್ದಾರೆ, “ಅಮ್ಮನ ಬೆರಳು ಇವತ್ತು ಕಾಣ್ಲಿಲ್ಲ, ಹುಷಾರಾಗಿದ್ದಾರಾ?” ಎಂದು ಕೇಳುತ್ತಾರೆ. ಇರಲಿ. ಲೈಕುಗಳು ಸಾವಿರಗಟ್ಟಲೆ ಬಂದವು, ಆದರೆ ಮನೆ ನೋಡಲು ಒಂದು ನರಪಿಳ್ಳೆಯೂ ಬರಲಿಲ್ಲ. ಲೈಕ್ ಒತ್ತಿದವರೆಲ್ಲ ಮನೆ ಕೊಂಡಿದ್ದರೆ ಈ ಊರಿನಲ್ಲಿ ಒಂದು ಕೋಳಿಗೂಡೂ ಖಾಲಿ ಉಳಿಯುತ್ತಿರಲಿಲ್ಲ.

ಆಗ ಬಂದ ನೋಡು ಬೀಗದವನು. ಹೆಸರಿಲ್ಲ, ಮುಖವಿಲ್ಲ, ಫೋಟೊ ಇರಬೇಕಾದ ಕಡೆ ಒಂದು ಬೀಗದ ಚಿತ್ರ. ಎರಡನೇ ಮಹಡಿಯ ಒಂದು ಮನೆಯ ವಿಡಿಯೋ ಕೆಳಗೆ ಬರೆದಿದ್ದ, “ಹಾಲ್ ಭಾಗಿಲು ತೆಗೆದರೆ ಎದುರುಮನೆ ಬಚ್ಚಲು ಕಾಣತ್ತೆ. ಅದನ್ಯಾಕೆ ತೋರಿಸಿಲ್ಲ?” ನನಗೆ ಮೈ ಉರಿದುಹೋಯಿತು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ, ಆ ಬಾಗಿಲನ್ನು ನಾನು ಬೇಕೆಂದೇ ಮುಚ್ಚಿಸಿ ವಿಡಿಯೋ ಮಾಡಿದ್ದೆ. “ನಿಮ್ಮನೆ ಬಾಗ್ಲು ತೆಗೆದ್ರೆ ಏನು ಕಾಣತ್ತೆ ಸ್ವಾಮಿ?” ಎಂದು ಬರೆದು ಸಮಾಧಾನ ಮಾಡಿಕೊಂಡೆ. ಮುಂದಿನ ವಿಡಿಯೋಕ್ಕೆ ಮತ್ತೆ ಹಾಜರ್, ಅಡುಗೆಮನೆಗೆ ಮಧ್ಯಾಹ್ನದ ಬಿಸಿಲು ಹೊಡೆಯುತ್ತದಂತೆ. ಅದರ ಮುಂದಿನದಕ್ಕೆ, ಮೂರನೇ ಮೆಟ್ಟಿಲು ಉಳಿದವಕ್ಕಿಂತ ಎತ್ತರವಂತೆ, ವಯಸ್ಸಾದವರು ಎಡವುತ್ತಾರಂತೆ. ಹೋಗಿ ನೋಡಿದರೆ ಹೌದು! ಯಾರೋ ಎದುರು ಬೀದಿಯ ಬ್ರೋಕರನೇ ಹೊಟ್ಟೆಕಿಚ್ಚಿಗೆ ಬರೆಯುತ್ತಿದ್ದಾನೆ, ಈ ಊರಿನ ಮನೆಗಳನ್ನು ಒಳಹೊಕ್ಕು ನೋಡಿದವನೇ ಸರಿ ಎಂದುಕೊಂಡೆ. ಬ್ಲಾಕ್ ಮಾಡಲು ಬೆರಳೂ ಇಟ್ಟಿದ್ದೆ. ಅಪ್ಪ ಕನ್ನಡಕ ಏರಿಸಿಕೊಂಡು ಆ ಕಾಮೆಂಟುಗಳನ್ನು ತುಂಬ ಹೊತ್ತು ಓದಿದರು. ಓದಿ, “ಬಿಡು, ಇರ್ಲಿ. ಅವ್ನು ಹೇಳೋದ್ರಲ್ಲಿ ತಪ್ಪೇನಿದೆ?” ಅಂದರು.

ಹಟಕ್ಕೆ ಬಿದ್ದು ಮರುದಿನ ಅದೇ ಎರಡನೇ ಮಹಡಿಗೆ ಹೋಗಿ, ಬಾಗಿಲು ತೆಗೆದು, ಎದುರುಮನೆಯ ಬಚ್ಚಲನ್ನೇ ಮೊದಲು ತೋರಿಸಿದೆ. “ನೋಡಿ, ಇದು ಈ ಮನೆಯ ಕೊರತೆ. ಇದಕ್ಕೆ ಒಪ್ಪಿಗೆಯಿದ್ದರೆ ಒಳಗೆ ಬನ್ನಿ” ಅಂದೆ. ನಾಲ್ಕು ದಿನದಲ್ಲಿ ಆ ಮನೆ ಹೋಯಿತು. ಕೊಂಡ ಬಸ್ ಡ್ರೈವರ್ ಹೇಳಿದ್ದು, “ಬಚ್ಚಲು ಕಂಡ್ರೆ ಕಾಣ್ಲಿ ಬಿಡಿ, ನೀವು ಮುಚ್ಚಿಡಲ್ಲ ಅನ್ನೋದು ಕಾಣ್ತಲ್ಲ.” ಅಲ್ಲಿಂದ ನಮ್ಮ ಪೇಜಿಗೆ ‘ಮೊದಲು ಕೊರತೆ’ ಎಂದೇ ಹೆಸರು. ಸಂಗೀತ ತೆಗೆದುಹಾಕಿದೆ, ಪರದೆ ಹಾರಿಸುವುದು ಬಿಟ್ಟೆ. ಅಪ್ಪ ಕ್ಯಾಮೆರಾ ಮುಂದೆ ನಾನು ಬರಲ್ಲ, ಬರಲ್ಲ ಎನ್ನುತ್ತಲೇ ಬಂದರು. ಬೆರಳ ಗೆಣ್ಣಿನಿಂದ ಗೋಡೆಯನ್ನು ಕುಟ್ಟಿ, ಕಿವಿಯಿಟ್ಟು, “ಈ ಗೋಡೆ ಒಳಗೆ ಟೊಳ್ಳು” ಎಂದು ತೀರ್ಪು ಕೊಡುತ್ತಾರೆ. ಜನ ಅವರನ್ನು ‘ಗೋಡೆ ಡಾಕ್ಟರ್’ ಎಂದು ಕರೆಯುತ್ತಾರೆ. ತರಕಾರಿ ಅಂಗಡಿಯಲ್ಲಿ ಯಾರೋ ಸೆಲ್ಫಿ ಕೇಳಿದರೆಂದು ಅಪ್ಪ ಎರಡು ದಿನ ಹೊಸ ಶರ್ಟು ಹಾಕಿಕೊಂಡರು. ಬೀಗದವನೂ ಬಿಡಲಿಲ್ಲ, ನಾವು ಬಿಟ್ಟದ್ದನ್ನು ಅವನು ಹಿಡಿಯುತ್ತಾನೆ. ಅಪ್ಪ ಬೆಳಿಗ್ಗೆ ಎದ್ದು ಕೇಳುವ ಮೊದಲ ಮಾತೇ, “ಬೀಗದವ್ನು ಏನಂದ?” ಏನೂ ಅನ್ನದ ದಿನ ಅವರಿಗೆ ಕಾಫಿ ರುಚಿಸುವುದಿಲ್ಲ.

ನೀನು ಹನ್ನೆರಡು ವರ್ಷದವನಿದ್ದಾಗ ಬರೆದ ಬೋರ್ಡು ಈಗಲೂ ಬಾಗಿಲ ಮೇಲೆ ಇದೆ, ‘ಮನೆ ಭಾಡಿಗೆಗೆ ಇಲ್ಲಿ ವಿಚಾರಿಸಿ’. ‘ಬಾ’ ಬರೆಯುವಲ್ಲೆಲ್ಲ ಹೊಟ್ಟೆ ಸೀಳಿ ‘ಭಾ’ ಮಾಡುತ್ತಿದ್ದೆಯಲ್ಲ ಮಹಾರಾಯ. ಅಪ್ಪ ಕೂರಿಸಿ ಸ್ಲೇಟಿನ ಮೇಲೆ ‘ಬಾಗಿಲು’ ಎಂದು ನೂರು ಸಲ ಬರೆಸಿದರೆ ನೂರಕ್ಕೆ ನೂರೂ ಸೀಳಿಟ್ಟಿದ್ದೆ. ನೋಡುವವರು ಬೋರ್ಡಿನ ಫೋಟೊ ಹಾಕಿ ನಗುತ್ತಾರೆಂದು ಹೋದ ತಿಂಗಳು ಪೇಂಟರನ್ನು ಕರೆಸಿದ್ದೆ. ಅಪ್ಪ ಅವನನ್ನು ಏಣಿಯಿಂದ ಇಳಿಸಿದರು. “ಅದು ಹಾಗೇ ಇರ್ಲಿ, ಗುರುತಿಗೆ” ಅಂದರು. ಯಾರ ಗುರುತಿಗೆ ಎಂದು ನಾನೂ ಕೇಳಲಿಲ್ಲ.

ಹೀಗಿರುವಾಗ ಟೀಚರ್ ಬಂದರು, ಶನಿವಾರ. ಇದೇ ಮೇಜಿನ ಮುಂದೆ ಕೂತರು. “ನಿಮ್ಮ ವಿಡಿಯೋ ಎಲ್ಲಾ ನೋಡ್ತೀನಿ. ನಂಗೆ ಹೇಳದೇ ಇದ್ದಿದ್ದನ್ನ ಮುಂದಿನವ್ರಿಗಾದ್ರೂ ಹೇಳಿ” ಎಂದು ಬೀಗದ ಕೈ ಕೊಟ್ಟು ಹೋದರು. ಜೋರಾಗಿ ಮಾತಾಡಲಿಲ್ಲ, ಆಡಿದ್ದರೆ ಚೆನ್ನಾಗಿತ್ತು. ಅವರು ಹೋದ ಮೇಲೆ ಅಪ್ಪ ಹೇಳಿದ್ದು ಇಷ್ಟು. ಆ ಗೋಡೆ ಹಸಿ ಎಂದು ಹೇಳಿದರೆ ಅರ್ಧ ಕೊರತೆ ಹೇಳಿದಂತೆ. ಅದನ್ನು ಮುಚ್ಚಿ ಮಾರಿದ್ದು ನಾವೇ ಎನ್ನುವುದು ಉಳಿದರ್ಧ, ಅದನ್ನು ಮುಚ್ಚಿದವನೇ ಹೇಳಬೇಕು. ಹೇಳುವವರಿಲ್ಲದಿದ್ದರೆ ಪೇಜು ಮುಚ್ಚಿಬಿಡು, ಊರಿನ ಮನೆಗಳಿಗೆಲ್ಲ ಹುಳುಕು ಹುಡುಕುವ ಯೋಗ್ಯತೆ ನಮಗಿಲ್ಲ. ನಾನು ಎಷ್ಟು ವಾದಿಸಿದರೂ ಜಗ್ಗಲಿಲ್ಲ. ನಿನ್ನ ಬದಲು ನಾನೇ ನಿಂತು ಹೇಳೋಣವೆಂದು ಕನ್ನಡಿ ಮುಂದೆ ಮೂರು ಸಲ ಹೇಳಿ ನೋಡಿದೆ. “ಇದನ್ನು ಮುಚ್ಚಿದ್ದು ನಮ್ಮ ಮನೆಯವರೇ” ಎನ್ನುವಲ್ಲಿಗೆ ಬಂದಾಗ ಮೂರು ಸಲವೂ ಕನ್ನಡಿಗೆ ಬೆನ್ನು ಮಾಡಿದೆ. ನಿನ್ನನ್ನು ಬಿಟ್ಟುಕೊಡಲು ನನ್ನಿಂದ ಆಗುವುದಿಲ್ಲ, ಏನು ಮಾಡಲಿ. ಐದು ವರ್ಷದ ದುಡಿಮೆ ಆ ಒಂದು ಗೋಡೆಯ ಮುಂದೆ ಬಂದು ನಿಂತಿದೆ.

ಹೆಚ್ಚಿಗೆ ಬರೆಯುವುದಿಲ್ಲ, ಮೂರಕ್ಕೆ ಒಂದು ಪಾರ್ಟಿ ಮನೆ ನೋಡಲು ಬರುತ್ತದೆ. ಅಮ್ಮ ನಿನ್ನ ಹಸಿರು ಸ್ವೆಟರ್ ಪ್ರತಿ ವರ್ಷ ಬಿಸಿಲಿಗೆ ಹಾಕಿ ಮಡಿಸಿಡುತ್ತಾಳೆ. ಆರೋಗ್ಯ ನೋಡಿಕೋ, ಹೊತ್ತಿಗೆ ಸರಿಯಾಗಿ ತಿನ್ನು. ಅಪ್ಪ ಆಶೀರ್ವಾದ ತಿಳಿಸು ಎಂದಿಲ್ಲ. ತಿಳಿಸಬೇಡ ಎಂದೂ ಹೇಳಿಲ್ಲ, ಹಾಗಾಗಿ ತಿಳಿಸಿದ್ದೇನೆ.

ನಿನ್ನ ತಂಗಿ,
ಚೋಟುಮೆಣಸಿನಕಾಯಿ

ತಾ.ಕ.: ಈ ಹಾಳೆಗಳ ಫೋಟೊ ತೆಗೆದು ಬೀಗದವನ ಇನ್‌ಬಾಕ್ಸಿಗೆ ಹಾಕುತ್ತಿದ್ದೇನೆ. ನಿನಗೇ ತಲುಪುತ್ತದೆ. ಬಾಗಿಲಿಗೆ ಹೊಟ್ಟೆ ಸೀಳುವವನು ಭೂಮಿಯ ಮೇಲೆ ನೀನೊಬ್ಬನೇ ಕಣೋ. ನನ್ನ ದಡ್ಡತಲೆಗೆ ಅದು ಹೊಳೆದದ್ದು ಮೊನ್ನೆ, ಬೋರ್ಡಿನ ಕೆಳಗೆ ನಿಂತು ಹಳೆಯ ಕಾಮೆಂಟು ಓದುವಾಗ. ಅಪ್ಪನಿಗೆ ಮೊದಲ ದಿನವೇ ಗೊತ್ತಾಗಿತ್ತಂತೆ. ಯಾಕೆ ಹೇಳಲಿಲ್ಲ ಎಂದು ಕೇಳಿದರೆ, “ಹೇಳಿದ್ರೆ ನೀನು ಜಗಳಕ್ಕೆ ಹೋಗ್ತಿದ್ದೆ, ಅವ್ನು ಬರೆಯೋದು ನಿಲ್ಲಿಸ್ತಿದ್ದ” ಅಂದರು. ಭಾನುವಾರ ಬೆಳಿಗ್ಗೆ ಹತ್ತಕ್ಕೆ ಟೀಚರ್ ಮನೆಯಿಂದ ಲೈವ್ ಇಟ್ಟಿದ್ದೇನೆ, ಟೀಚರೂ ಇರುತ್ತಾರೆ. ಆ ಗೋಡೆಯ ಮುಂದೆ ನಿನ್ನ ಜಾಗ ಖಾಲಿ ಇರುತ್ತದೆ. ಈ ಸಲ ಕಾಮೆಂಟ್ ಬೇಡ. ಇಷ್ಟು ಬರೆಯುವಷ್ಟರಲ್ಲಿ ಅಪ್ಪ ಬಂದು ಹಾಳೆ ಕಿತ್ತುಕೊಂಡು ಪೂರ್ತಿ ಓದಿದರು. ಪೆನ್ನು ತೆಗೆದುಕೊಂಡು ಕೆಳಗೆ ಒಂದೇ ಒಂದು ಅಕ್ಷರ ಬರೆದರು. ನೂರು ಸಲ ನಿನ್ನ ಕೈಲಿ ತಿದ್ದಿಸಿದವರು, ತಾವೇ ಹೊಟ್ಟೆ ಸೀಳಿ ಬರೆದಿದ್ದಾರೆ. ನಾನು ತಿದ್ದಿಲ್ಲ, ಹಾಗೇ ಕಳಿಸುತ್ತಿದ್ದೇನೆ:

ಭಾ.